ವೇಗಕ್ಕೂ ಮುನ್ನ ಶುಲ್ಕ

ಭಾನುವಾರ ಬೆಳಿಗ್ಗೆ ಎಂಟೂವರೆ. ಯುರೋಪಿನ ಯಾವುದೋ ಒಂದು ಫಾರ್ಮುಲಾ ಒನ್ ಸರ್ಕ್ಯೂಟ್. ಮುಖ್ಯ ಓಟಕ್ಕೆ ಇನ್ನೂ ಐದಾರು ಗಂಟೆ ಇದೆ. ಗ್ಯಾಲರಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕಾಫಿ ಲೋಟ ಹಿಡಿದು ಕೂತಿದ್ದಾರೆ. ಕೆಳಗೆ ಟ್ರ್ಯಾಕಿನಲ್ಲಿ 30 ಕಾರುಗಳು ಸಾಲುಗಟ್ಟಿವೆ. ಒಳಗೆ ಕೂತವರಲ್ಲಿ ಹೆಚ್ಚಿನವರಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಕೆಲವರಿಗೆ ರಸ್ತೆಯಲ್ಲಿ ಕಾರು ಓಡಿಸುವ ಲೈಸೆನ್ಸೂ ಇಲ್ಲ. ಐದು ಕೆಂಪು ದೀಪ ಒಂದೊಂದಾಗಿ ಹೊತ್ತಿಕೊಂಡು ಒಟ್ಟಿಗೇ ಆರುತ್ತವೆ. ಮೂವತ್ತೂ ಕಾರುಗಳು ಮೊದಲ ತಿರುವಿನ ಕಡೆಗೆ ನುಗ್ಗುತ್ತವೆ.

ಮುಕ್ಕಾಲು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಪಿಟ್ ಗಲ್ಲಿಯ ಹೊಳೆಯುವ ಗ್ಯಾರೇಜುಗಳೆಲ್ಲ ಫಾರ್ಮುಲಾ ಒನ್ ತಂಡಗಳಿಗೆ ಮೀಸಲು. ಈ ಹುಡುಗರ ಕಾರುಗಳನ್ನು ದೂರದಲ್ಲಿ ಹಾಕಿದ ಡೇರೆಗಳಿಗೆ ತಳ್ಳಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಟಿ.ವಿ. ಹಾಕಿಕೊಂಡು ಮುಖ್ಯ ಓಟ ನೋಡುವ ಬಹುತೇಕರಿಗೆ ಬೆಳಿಗ್ಗೆ ಅಲ್ಲಿ ಇನ್ನೊಂದು ಓಟ ನಡೆದಿತ್ತೆಂಬುದೇ ತಿಳಿಯುವುದಿಲ್ಲ.

ಅದು ಫಾರ್ಮುಲಾ ತ್ರೀ. ಫಾರ್ಮುಲಾ ಒನ್ ಎಂಬ ಅಟ್ಟಕ್ಕೆ ಏರುವ ಏಣಿಯಲ್ಲಿ ಮೇಲಿನಿಂದ ಎರಡನೆಯ ಮೆಟ್ಟಿಲು. ವರ್ಸ್ಟಾಪನ್, ಹ್ಯಾಮಿಲ್ಟನ್, ಲೆಕ್ಲೇರ್ ಎಂಬ ಹೆಸರುಗಳನ್ನು ಬಲ್ಲ ನಮಗೆ ಅವರು ಅಲ್ಲಿಗೆ ಬಂದ ದಾರಿ ಅರ್ಧ ಮಾತ್ರ ಗೊತ್ತು. ಆ ದಾರಿಯಲ್ಲಿ ಪ್ರತಿಭೆಯ ಪರೀಕ್ಷೆ ಬಹಳ ಕಟ್ಟುನಿಟ್ಟು. ಆದರೆ ಪರೀಕ್ಷೆಗೆ ಕೂರಲು ಕಟ್ಟಬೇಕಾದ ಶುಲ್ಕ ಇನ್ನೂ ಕಟ್ಟುನಿಟ್ಟು.

ಕಾರ್ಟಿನಿಂದ ಕಾರಿಗೆ

ಎಲ್ಲರೂ ಶುರು ಮಾಡುವುದು ಗೋ-ಕಾರ್ಟಿನಲ್ಲಿ, ಏಳೆಂಟು ವರ್ಷದ ವಯಸ್ಸಿನಲ್ಲಿ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಚಾಲಕನ ಸೀಟು ನೆಲದಿಂದ ಅಂಗೈಯಷ್ಟೇ ಮೇಲಿರುತ್ತದೆ. ಟೈರಿನ ಹಿಡಿತ ಎಲ್ಲಿ ತಪ್ಪುತ್ತದೆ, ಎದುರಾಳಿಯ ಒಳಬದಿಗೆ ಯಾವಾಗ ನುಗ್ಗಬೇಕು ಎಂಬುದನ್ನು ಮೈಯೇ ಕಲಿತುಕೊಳ್ಳುವುದು ಇಲ್ಲಿ. ಇಂದಿನ ಫಾರ್ಮುಲಾ ಒನ್ ಚಾಲಕರೆಲ್ಲ ಈ ಶಾಲೆಯಲ್ಲೇ ಕಲಿತವರು.

15 ವರ್ಷ ತುಂಬಿದ ಮೇಲೆ ಫಾರ್ಮುಲಾ ಫೋರ್. ಒಬ್ಬರೇ ಕೂರುವ, ಚಕ್ರಗಳು ಹೊರಗೆ ಕಾಣುವ ನಿಜವಾದ ರೇಸ್ ಕಾರಿನ ಮೊದಲ ಅನುಭವ ಅದು. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟವಾದ ಎಫ್‌ಐಎ 2014ರಲ್ಲಿ ಈ ದರ್ಜೆಯನ್ನು ಹುಟ್ಟುಹಾಕಿತು. ಅಲ್ಲಿಯವರೆಗೆ ದೇಶಕ್ಕೊಂದು ಹೆಸರಿನ, ದೇಶಕ್ಕೊಂದು ನಿಯಮದ ಸರಣಿಗಳಿದ್ದವು. ಕಾರ್ಟಿಂಗ್ ಮುಗಿಸಿದ ಹುಡುಗನಿಗೆ ಮುಂದೆ ಎತ್ತ ಹೋಗಬೇಕೆಂದೇ ತಿಳಿಯುತ್ತಿರಲಿಲ್ಲ. ಈಗ ಹಲವು ದೇಶಗಳಲ್ಲಿ ಒಂದೇ ಮಾದರಿಯ ಫಾರ್ಮುಲಾ ಫೋರ್ ಇದೆ. ಎಲ್ಲಕ್ಕಿಂತ ಕಠಿಣ ಎಂದು ಹೆಸರಾದದ್ದು ಇಟಲಿಯದು.

ಅದರ ಮೇಲೆ ಫಾರ್ಮುಲಾ ರೀಜನಲ್, ನಂತರ ಫಾರ್ಮುಲಾ ತ್ರೀ, ಕೊನೆಗೆ ಫಾರ್ಮುಲಾ ಟೂ. ಕೊನೆಯ ಎರಡು ಸರಣಿಗಳು ಫಾರ್ಮುಲಾ ಒನ್ ನಡೆಯುವ ವಾರಾಂತ್ಯದಲ್ಲೇ, ಅದೇ ಟ್ರ್ಯಾಕಿನಲ್ಲಿ ನಡೆಯುತ್ತವೆ. ಮೇಲಿನ ತಂಡಗಳ ಮುಖ್ಯಸ್ಥರು ಕಿಟಕಿಯಿಂದಲೇ ನೋಡಬಹುದು ಎಂಬುದೇ ಈ ಸರಣಿಗಳ ದೊಡ್ಡ ಬೆಲೆ.

ಫಾರ್ಮುಲಾ ತ್ರೀ ಕಾರಿನ ಶಕ್ತಿ ಸುಮಾರು 380 ಅಶ್ವಶಕ್ತಿ, ಫಾರ್ಮುಲಾ ಟೂ ಕಾರಿನದು ಸುಮಾರು 620. ಎರಡಕ್ಕೂ ಪವರ್ ಸ್ಟಿಯರಿಂಗ್ ಇಲ್ಲ. ವೇಗದ ತಿರುವುಗಳಲ್ಲಿ ಗಾಳಿಯ ಒತ್ತಡ ಕಾರನ್ನು ನೆಲಕ್ಕೆ ಅದುಮುತ್ತಿರುವಾಗ ಆ ಚಕ್ರವನ್ನು ತೋಳಿನ ಬಲದಿಂದಲೇ ತಿರುಗಿಸಬೇಕು. ಹದಿನೇಳರ ಹುಡುಗನ ತೋಳು ಪೈಲ್ವಾನನ ತೋಳಿನಂತೆ ಕಾಣುವುದು ಇದೇ ಕಾರಣಕ್ಕೆ.

ಒಂದೇ ಕಾರು, ಬೇರೆ ಬೇರೆ ಫಲ

ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡ ತನ್ನ ಕಾರನ್ನು ತಾನೇ ಕಟ್ಟುತ್ತದೆ. ಕೆಳಗಿನ ಮೆಟ್ಟಿಲುಗಳಲ್ಲಿ ಹಾಗಿಲ್ಲ. ಫಾರ್ಮುಲಾ ಟೂನಲ್ಲಿ 11 ತಂಡ, 22 ಕಾರು. ಎಲ್ಲರಿಗೂ ಇಟಲಿಯ ದಲ್ಲಾರಾ ಕಂಪನಿಯದೇ ಚಾಸಿ, ಫ್ರಾನ್ಸಿನ ಮೆಕಾಕ್ರೋಮ್ ಕಂಪನಿಯದೇ ಎಂಜಿನ್, ಪಿರೆಲಿಯದೇ ಟೈರ್. ಯಂತ್ರ ಒಂದೇ ಆದಾಗ ವ್ಯತ್ಯಾಸ ಮನುಷ್ಯನದು ಎಂಬ ಲೆಕ್ಕಾಚಾರ.

ಲೆಕ್ಕ ಬಹುಮಟ್ಟಿಗೆ ಸರಿ. 2024ರಲ್ಲಿ ಇನ್ವಿಕ್ಟಾ ತಂಡದ ಎರಡು ಕಾರುಗಳಲ್ಲಿ ಒಂದನ್ನು ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ, ಇನ್ನೊಂದನ್ನು ಬೆಂಗಳೂರಿನ ಕುಶ್ ಮೈನಿ ಓಡಿಸಿದರು. ಬೊರ್ಟೊಲೆಟೊ ಚಾಂಪಿಯನ್ ಆದರು. ಮಾಂಜಾದ ಓಟವೊಂದನ್ನು ಅವರು ಕಟ್ಟಕಡೆಯ ಸ್ಥಾನದಿಂದ ಹೊರಟು ಗೆದ್ದರು. ಮೈನಿ ಒಂದು ಓಟ ಗೆದ್ದರೂ ವರ್ಷದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬರಲಾಗಲಿಲ್ಲ. ಅದಕ್ಕೇ ರೇಸಿಂಗ್ ಜಗತ್ತಿನಲ್ಲಿ ಒಂದು ಮಾತಿದೆ: ನೀನು ಮೊದಲು ಸೋಲಿಸಬೇಕಾದವನು ನಿನ್ನ ತಂಡದ ಜೊತೆಗಾರ.

ಆದರೆ ಕಾರು ಒಂದೇ ಆದರೂ ತಂಡ ಒಂದೇ ಅಲ್ಲ. ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು, ಟೈರಿಗೆ ಎಷ್ಟು ಗಾಳಿ ತುಂಬಬೇಕು, ಎಷ್ಟನೇ ಸುತ್ತಿನಲ್ಲಿ ಟೈರ್ ಬದಲಿಸಬೇಕು ಎಂಬುದನ್ನು ಬಲ್ಲ ಎಂಜಿನಿಯರುಗಳು ಎಲ್ಲ ಕಡೆ ಇರುವುದಿಲ್ಲ. ಇಟಲಿಯ ಪ್ರೇಮಾ, ಫ್ರಾನ್ಸಿನ ಎಆರ್‌ಟಿಯಂಥ ತಂಡಗಳ ಸೀಟಿಗೆ ಪೈಪೋಟಿ ಹೆಚ್ಚು. ಪೈಪೋಟಿ ಹೆಚ್ಚಿದಲ್ಲಿ ಬೆಲೆಯೂ ಹೆಚ್ಚು.

ಅಭ್ಯಾಸಕ್ಕೆ ಸಿಗುವ ಹೊತ್ತೂ ಅಷ್ಟಕ್ಕಷ್ಟೆ. ಫಾರ್ಮುಲಾ ಟೂ ವಾರಾಂತ್ಯದಲ್ಲಿ ಶುಕ್ರವಾರ 45 ನಿಮಿಷ ಅಭ್ಯಾಸ, ಆಮೇಲೆ ಅರ್ಧ ಗಂಟೆಯ ಅರ್ಹತಾ ಸುತ್ತು, ಮುಗಿಯಿತು. ಹೊಸ ಟೈರಿನ ಪೂರ್ತಿ ಹಿಡಿತ ಒಂದೆರಡು ಸುತ್ತಿಗಷ್ಟೇ ಸಿಗುತ್ತದೆ. ಆ ಒಂದು ಸುತ್ತಿನಲ್ಲಿ ಯಾರಾದರೂ ಅಡ್ಡ ಬಂದರೆ, ಎಲ್ಲೋ ಅಪಘಾತವಾಗಿ ಕೆಂಪು ಬಾವುಟ ಹಾರಿದರೆ, ವಾರಾಂತ್ಯವೇ ಕೈಬಿಟ್ಟಂತೆ.

ತಲೆಕೆಳಗಾದ ಸಾಲು

2025ರ ಮೇ ತಿಂಗಳಲ್ಲಿ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ ಟೂ ಓಟ ಗೆದ್ದರು. ಅಲ್ಲಿ ಈ ದರ್ಜೆಯಲ್ಲಿ ಗೆದ್ದ ಮೊದಲ ಭಾರತೀಯ. ಪತ್ರಿಕೆಗಳು ಸುದ್ದಿಯನ್ನು ದೊಡ್ಡದಾಗಿ ಬರೆದವು. ಆ ಗೆಲುವಿನ ತೂಕ ಎಷ್ಟು ಎಂದು ತಿಳಿಯಲು ಒಂದು ನಿಯಮ ಗೊತ್ತಿರಬೇಕು.

ಫಾರ್ಮುಲಾ ಟೂನಲ್ಲಿ ವಾರಾಂತ್ಯಕ್ಕೆ ಎರಡು ಓಟ. ಶನಿವಾರದ್ದು ಸ್ಪ್ರಿಂಟ್, ಭಾನುವಾರದ್ದು ಫೀಚರ್. ಸ್ಪ್ರಿಂಟಿನಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯ ಸಾಲನ್ನು ತಿರುವಿ ನಿಲ್ಲಿಸುತ್ತಾರೆ: ಹತ್ತನೆಯವರು ಎಲ್ಲರಿಗಿಂತ ಮುಂದೆ, ಅತಿ ವೇಗದವರು ಹತ್ತನೆಯ ಜಾಗದಲ್ಲಿ. ಮುಂದಿನವರನ್ನು ಹಿಂದೆ ಹಾಕಲು ಯಾರಿಗೆ ಬರುತ್ತದೆ ಎಂಬುದನ್ನು ನೋಡುವ ಉಪಾಯ ಇದು. ಫೀಚರ್ ಓಟದಲ್ಲಿ ಸಾಲು ನೇರ. ಒಮ್ಮೆ ಟೈರ್ ಬದಲಿಸುವುದು ಕಡ್ಡಾಯ. ಗೆದ್ದವರಿಗೆ ಅಲ್ಲಿ 25 ಅಂಕ, ಸ್ಪ್ರಿಂಟಿನಲ್ಲಿ 10 ಮಾತ್ರ.

ಮೊನಾಕೊದಲ್ಲಿ ಮೈನಿ ಹೊರಟದ್ದು ಸ್ಪ್ರಿಂಟಿನ ಮೊದಲ ಸ್ಥಾನದಿಂದ. ಆ ಇಕ್ಕಟ್ಟಿನ ಬೀದಿಗಳಲ್ಲಿ ಹಿಂದಿನವರು ಮುಂದೆ ಬರುವುದು ಬಲು ಕಷ್ಟ ಎಂಬುದು ನಿಜ. ಗೋಡೆಗೆ ಕೂದಲೆಳೆಯಷ್ಟು ಹತ್ತಿರದಲ್ಲಿ, ಹಿಂದೆ ಒಂದು ಕಾರು ಅಟ್ಟಿಸಿಕೊಂಡು ಬರುತ್ತಿರುವಾಗ, ಕೊನೆಯ ಸುತ್ತಿನವರೆಗೆ ಒಂದೇ ಒಂದು ತಪ್ಪು ಮಾಡದಿರುವುದು ಅದಕ್ಕಿಂತ ಸುಲಭವಲ್ಲ ಎಂಬುದೂ ಅಷ್ಟೇ ನಿಜ. ಆದರೆ ಮೇಲಿನ ತಂಡಗಳು ನೋಡುವುದು ಒಂದು ದಿನದ ಗೆಲುವನ್ನಲ್ಲ. 14 ವಾರಾಂತ್ಯಗಳಲ್ಲಿ ಎಷ್ಟು ಸಲ ಮುಂದಿನ ಸಾಲಿನಲ್ಲಿದ್ದೀ, ಜೊತೆಗಾರನಿಗಿಂತ ಎಷ್ಟು ಮುಂದಿದ್ದೀ ಎಂದು ಅವರು ಕೇಳುತ್ತಾರೆ.

ನಲವತ್ತು ಅಂಕದ ಲೈಸೆನ್ಸ್

ಫಾರ್ಮುಲಾ ಒನ್ ಓಡಿಸಲು ಸೂಪರ್ ಲೈಸೆನ್ಸ್ ಬೇಕು. ಅದರ ಈಗಿನ ನಿಯಮಗಳಿಗೆ ಕಾರಣ ಮ್ಯಾಕ್ಸ್ ವರ್ಸ್ಟಾಪನ್. ಯುರೋಪಿಯನ್ ಫಾರ್ಮುಲಾ ತ್ರೀನಲ್ಲಿ ಒಂದೇ ವರ್ಷ ಓಡಿಸಿದ್ದ ಅವರು 2015ರಲ್ಲಿ 17ನೇ ವಯಸ್ಸಿಗೇ ಫಾರ್ಮುಲಾ ಒನ್ ಪ್ರವೇಶಿಸಿದರು. ರಸ್ತೆ ಲೈಸೆನ್ಸ್ ಸಿಕ್ಕಿದ್ದು ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ, 18 ತುಂಬಿದ ಮೇಲೆ.

ಮಕ್ಕಳಾಟವಾಯಿತೆಂದು ಕೆಲವರಿಗೆ ಇರುಸುಮುರುಸಾಯಿತು. 2016ರಿಂದ ಎಫ್‌ಐಎ ಕನಿಷ್ಠ ವಯಸ್ಸು 18 ಎಂದು ಗೊತ್ತುಮಾಡಿತು. ರಸ್ತೆ ಲೈಸೆನ್ಸ್ ಕಡ್ಡಾಯವಾಯಿತು. ಮೂರು ವರ್ಷಗಳಲ್ಲಿ 40 ಅಂಕ ಗಳಿಸಿರಬೇಕು ಎಂಬ ನಿಯಮವೂ ಬಂತು. ಫಾರ್ಮುಲಾ ಟೂನಲ್ಲಿ ಮೊದಲ ಮೂರು ಸ್ಥಾನಕ್ಕೆ 40 ಅಂಕ ಪೂರ್ತಿ ಸಿಗುತ್ತದೆ. ಫಾರ್ಮುಲಾ ತ್ರೀ ಚಾಂಪಿಯನ್‌ಗೆ 30, ಫಾರ್ಮುಲಾ ಫೋರ್ ಚಾಂಪಿಯನ್‌ಗೆ 12. 2024ರಲ್ಲಿ ವಯಸ್ಸಿನ ನಿಯಮ ಮತ್ತೆ ಸಡಿಲಗೊಂಡಿತು. ಅಸಾಧಾರಣ ಪ್ರತಿಭೆ ಕಂಡರೆ 17ಕ್ಕೂ ಲೈಸೆನ್ಸ್ ಕೊಡುವ ಅಧಿಕಾರವನ್ನು ಎಫ್‌ಐಎ ತನ್ನ ಬಳಿ ಇಟ್ಟುಕೊಂಡಿತು.

ಈ ನಿಯಮದಿಂದ ಆದ ಒಂದು ಪರಿಣಾಮವನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಅಂಕ ಬೇಕಾದವರು ಅಂಕ ಹೆಚ್ಚಿರುವ ಸರಣಿಗೇ ಬರಬೇಕಾಯಿತು. ಏಣಿ ಒಂದೇ ಆಯಿತು, ಸೀಟಿನ ಬೆಲೆ ಏರಿತು.

ಹಣ ಕಟ್ಟುವವರು ಯಾರು?

ಕ್ರಿಕೆಟ್ಟಿನಲ್ಲಿ ರಣಜಿ ಆಡುವ ಹುಡುಗನಿಗೆ ಪಂದ್ಯದ ಸಂಭಾವನೆ ಸಿಗುತ್ತದೆ. ಇಲ್ಲಿ ಆಡುವವನೇ ತಂಡಕ್ಕೆ ಹಣ ಕಟ್ಟಬೇಕು. ಕಾರು, ಮೆಕ್ಯಾನಿಕ್, ಟೈರ್, ಸಾಗಣೆ, ಮುರಿದ ಬಿಡಿಭಾಗ ಎಲ್ಲದರ ಖರ್ಚನ್ನೂ ತಂಡ ಚಾಲಕನಿಂದಲೇ ವಸೂಲು ಮಾಡುತ್ತದೆ. ತಂಡ ನಡೆಯುವುದೇ ಆ ಹಣದಿಂದ.

ಯುರೋಪಿನ ಉನ್ನತ ಮಟ್ಟದ ಕಾರ್ಟಿಂಗ್‌ನಲ್ಲೇ ವರ್ಷದ ಖರ್ಚು ಲಕ್ಷ ಯೂರೊ ದಾಟುವುದು ಸಾಮಾನ್ಯ. ಫಾರ್ಮುಲಾ ಟೂನ ಒಂದು ವರ್ಷಕ್ಕೆ 20ರಿಂದ 30 ಲಕ್ಷ ಯೂರೊ ಎಂದು ಅಲ್ಲಿನವರು ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ 20 ಕೋಟಿ ರೂಪಾಯಿಗೂ ಮೇಲೆ. ಕಾರ್ಟಿನಿಂದ ಕೊನೆಯ ಮೆಟ್ಟಿಲಿನವರೆಗೆ ಹತ್ತು ಹನ್ನೆರಡು ವರ್ಷ ಈ ಖರ್ಚು ನಡೆಯಬೇಕು.

ಹಾಗಾಗಿ ಏಣಿಯಲ್ಲಿ ಮೂರು ಬಗೆಯ ಮನೆತನದವರು ಕಾಣುತ್ತಾರೆ. ಮೊದಲನೆಯದು ಆಗರ್ಭ ಶ್ರೀಮಂತರು: ಕೆನಡಾದ ಲಾನ್ಸ್ ಸ್ಟ್ರೋಲ್ ಅವರ ತಂದೆ ಫಾರ್ಮುಲಾ ಒನ್ ತಂಡವನ್ನೇ ಕೊಂಡರು. ಎರಡನೆಯದು ರೇಸಿಂಗ್ ಮನೆತನದವರು: ವರ್ಸ್ಟಾಪನ್ ಅವರ ತಂದೆ ಯೋಸ್ ಸ್ವತಃ ಫಾರ್ಮುಲಾ ಒನ್ ಚಾಲಕ. ಮೂರನೆಯದು ಎಲ್ಲವನ್ನೂ ಪಣಕ್ಕಿಟ್ಟವರು: ಫ್ರಾನ್ಸಿನ ಎಸ್ತೆಬಾನ್ ಒಕಾನ್ ಅವರ ತಂದೆತಾಯಿ ಮನೆ ಮಾರಿ ಕ್ಯಾರವಾನ್ ಗಾಡಿಯಲ್ಲಿ ಬದುಕಿದರು, ಲೂಯಿಸ್ ಹ್ಯಾಮಿಲ್ಟನ್ ಅವರ ತಂದೆ ಆಂಥೊನಿ ಮಗನ ಕಾರ್ಟಿಗಾಗಿ ಒಂದೇ ಕಾಲಕ್ಕೆ ಹಲವು ಕೆಲಸ ಮಾಡಿದರು. ಮೂರನೆಯ ಬಗೆಯ ಕಥೆಗಳು ನಮಗೆ ಪ್ರಿಯ. ಮನೆ ಮಾರಿಯೂ ಮಗ ಮೇಲೇರದ ಕುಟುಂಬಗಳ ಕಥೆಯನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಅಕಾಡೆಮಿಯ ಹಂಗು

ಇದಕ್ಕೆ ಪರಿಹಾರವೆಂಬಂತೆ ದೊಡ್ಡ ತಂಡಗಳು ಕಿರಿಯರನ್ನು ದತ್ತು ತೆಗೆದುಕೊಳ್ಳುತ್ತವೆ. ಮೆಕ್‌ಲಾರೆನ್ ತಂಡ 1998ರಲ್ಲಿ 13 ವರ್ಷದ ಹ್ಯಾಮಿಲ್ಟನ್ ಅವರನ್ನು ಬರಮಾಡಿಕೊಂಡದ್ದು ಇದರ ಪ್ರಸಿದ್ಧ ನಿದರ್ಶನ. ರೆಡ್ ಬುಲ್ ತನ್ನ ಕಿರಿಯರ ಬಳಗದಿಂದ ವೆಟೆಲ್ ಅವರನ್ನು ಬೆಳೆಸಿತು. ಫೆರಾರಿ ಅಕಾಡೆಮಿಯಿಂದ ಲೆಕ್ಲೇರ್ ಬಂದರು, ಮರ್ಸಿಡಿಸ್‌ನಿಂದ ಜಾರ್ಜ್ ರಸೆಲ್ ಮತ್ತು ಕಿಮಿ ಆಂಟೊನೆಲಿ.

ಅಕಾಡೆಮಿ ಎಂದರೆ ಸಿಮ್ಯುಲೇಟರ್, ತರಬೇತಿ, ಸಲಹೆ, ಕೆಲವೊಮ್ಮೆ ಹಣ. ಎಲ್ಲರಿಗೂ ಪೂರ್ತಿ ಹಣ ಸಿಗುವುದಿಲ್ಲ. ಫಲಿತಾಂಶ ಬಾರದಿದ್ದರೆ ವರ್ಷದ ಕೊನೆಗೆ ಕೈಬಿಡುತ್ತಾರೆ. ರೆಡ್ ಬುಲ್ ಈ ವಿಷಯದಲ್ಲಿ ನಿರ್ದಯಿ ಎಂದೇ ಹೆಸರುವಾಸಿ.

ಅದೃಷ್ಟ ಹೇಗೆ ಬಾಗಿಲು ತಟ್ಟುತ್ತದೆ ಎಂಬುದಕ್ಕೆ 2024ರ ಮಾರ್ಚ್‌ನ ಜೆದ್ದಾ ಸಾಕ್ಷಿ. ಫೆರಾರಿಯ ಕಾರ್ಲೊಸ್ ಸೈನ್ಸ್ ಅವರಿಗೆ ಅಪೆಂಡಿಸೈಟಿಸ್ ಆಯಿತು. ಆ ವಾರ ಫಾರ್ಮುಲಾ ಟೂ ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ ಪಡೆದಿದ್ದ ಫೆರಾರಿ ಅಕಾಡೆಮಿಯ 18ರ ಆಲಿವರ್ ಬೇರ್ಮನ್ ಅವರನ್ನು ದಿಢೀರನೆ ಆ ಕಾರಿಗೆ ಕೂರಿಸಿದರು. ಅವರು ಏಳನೆಯವರಾಗಿ ಗುರಿ ಮುಟ್ಟಿದರು. ಮರುವರ್ಷ ಹಾಸ್ ತಂಡದ ಕಾಯಂ ಚಾಲಕರಾದರು. ಫಾರ್ಮುಲಾ ಟೂನಲ್ಲಿ ಅವರು ಬಿಟ್ಟುಹೋದ ಮೊದಲ ಸ್ಥಾನ ದಕ್ಕಿದ್ದು ಕುಶ್ ಮೈನಿಗೆ. ಗೆಲುವು ಮಾತ್ರ ದಕ್ಕಲಿಲ್ಲ.

ಗೆದ್ದೂ ಕೆಳಗುಳಿದವರು

ಫಾರ್ಮುಲಾ ಒನ್‌ನಲ್ಲಿ ಬಹುಕಾಲ 20 ಸೀಟುಗಳಿದ್ದವು. ಕ್ಯಾಡಿಲಾಕ್ ಬಂದದ್ದರಿಂದ 2026ಕ್ಕೆ 22 ಆದವು. ಯಾವ ವರ್ಷ ಎಷ್ಟು ಖಾಲಿಯಾಗುತ್ತವೆ ಎಂಬುದು ಯಾರ ಕೈಯಲ್ಲೂ ಇಲ್ಲ.

ಆಸ್ಟ್ರೇಲಿಯಾದ ಆಸ್ಕರ್ ಪಿಯಾಸ್ಟ್ರಿ 2020ರಲ್ಲಿ ಫಾರ್ಮುಲಾ ತ್ರೀ, 2021ರಲ್ಲಿ ಫಾರ್ಮುಲಾ ಟೂ ಗೆದ್ದರೂ 2022ರ ಇಡೀ ವರ್ಷ ಮೀಸಲು ಚಾಲಕರಾಗಿ ಕಾದು ಕೂರಬೇಕಾಯಿತು. ಫಾರ್ಮುಲಾ ಟೂ ಚಾಂಪಿಯನ್ ಮತ್ತೆ ಆ ಸರಣಿಯಲ್ಲಿ ಓಡಿಸುವಂತಿಲ್ಲ ಎಂಬ ನಿಯಮವಿದೆ. ಮೇಲೆ ಜಾಗವಿಲ್ಲ, ಕೆಳಗೆ ನಿಲ್ಲಲು ಬಿಡುವುದಿಲ್ಲ. 2022ರ ಚಾಂಪಿಯನ್ ಫೆಲಿಪೆ ಡ್ರುಗೊವಿಚ್, 2023ರ ತಿಯೊ ಪುರ್ಶೇರ್ ಇಬ್ಬರಿಗೂ ಸೀಟು ಸಿಗಲಿಲ್ಲ. 2025ರ ಚಾಂಪಿಯನ್ ಲಿಯೊನಾರ್ಡೊ ಫೊರ್ನಾರೊಲಿ ಅವರದೂ ಅದೇ ಪಾಡು. ಆ ವರ್ಷ ಅವರಿಗಿಂತ ಕೆಳಗಿದ್ದ ಆರ್ವಿಡ್ ಲಿಂಡ್‌ಬ್ಲಾಡ್ ಅವರನ್ನು ರೆಡ್ ಬುಲ್ ಬಳಗ ಮೇಲಕ್ಕೆ ಕರೆದುಕೊಂಡಿತು. ತಾಯಿಯ ಕಡೆಯಿಂದ ಭಾರತೀಯ ಮೂಲದ ಈ ಬ್ರಿಟಿಷ್ ಹುಡುಗ ಎಳವೆಯಲ್ಲೇ ಆ ಬಳಗಕ್ಕೆ ಸೇರಿದ್ದವರು.

ಮೇಲೇರದವರೆಲ್ಲ ಸೋತವರೇನೂ ಅಲ್ಲ. ಅಮೆರಿಕದ ಇಂಡಿಕಾರ್, ಜಪಾನಿನ ಸೂಪರ್ ಫಾರ್ಮುಲಾ, ವಿದ್ಯುತ್ ಕಾರುಗಳ ಫಾರ್ಮುಲಾ ಇ, ಲೆ ಮಾನ್ಸ್‌ನಂಥ ದೀರ್ಘ ಓಟಗಳಲ್ಲಿ ಚಾಲಕರಿಗೆ ಸಂಬಳ ಸಿಗುತ್ತದೆ. ಹಣ ಕಟ್ಟಿ ಓಡಿಸುತ್ತಿದ್ದವರು ಹಣ ಪಡೆದು ಓಡಿಸುವ ವೃತ್ತಿಪರರಾಗುವುದು ಅಲ್ಲೇ.

ಅಪಾಯ ಎಲ್ಲರಿಗೂ ಒಂದೇ

ಕಿರಿಯರ ಸರಣಿ ಎಂದ ಮಾತ್ರಕ್ಕೆ ಅಪಾಯ ಕಿರಿದಲ್ಲ. 2019ರ ಆಗಸ್ಟ್ 31ರಂದು ಬೆಲ್ಜಿಯಂನ ಸ್ಪಾ ಸರ್ಕ್ಯೂಟಿನಲ್ಲಿ ಫಾರ್ಮುಲಾ ಟೂ ಓಟದ ವೇಳೆ ಫ್ರಾನ್ಸಿನ ಆಂತ್ವಾನ್ ಹ್ಯೂಬರ್ ಪ್ರಾಣ ಕಳೆದುಕೊಂಡರು. ಅವರಿಗೆ 22 ವರ್ಷ. ಮರುದಿನ ಅದೇ ಟ್ರ್ಯಾಕಿನಲ್ಲಿ ತಮ್ಮ ಮೊದಲ ಫಾರ್ಮುಲಾ ಒನ್ ಓಟ ಗೆದ್ದ ಬಾಲ್ಯದ ಗೆಳೆಯ ಲೆಕ್ಲೇರ್ ಸಂಭ್ರಮಿಸಲಿಲ್ಲ. ಗೆಲುವನ್ನು ಹ್ಯೂಬರ್‌ಗೆ ಅರ್ಪಿಸಿದರು. 2023ರ ಜುಲೈನಲ್ಲಿ ಸ್ಪಾದಲ್ಲೇ, ಮಳೆಯಲ್ಲಿ, ಫಾರ್ಮುಲಾ ರೀಜನಲ್ ಓಟದಲ್ಲಿ ನೆದರ್ಲೆಂಡ್ಸ್‌ನ 18 ವರ್ಷದ ದಿಲಾನೊ ವಾನ್ ಟ್ ಹಾಫ್ ತೀರಿಕೊಂಡರು. ತಲೆಯನ್ನು ಕಾಯುವ ಹೇಲೊ ಕವಚ ಬಂದ ಮೇಲೂ ನಡೆದ ಸಾವುಗಳಿವು.

ಹುಡುಗಿಯರ ಸಾಲು

ಫಾರ್ಮುಲಾ ಒನ್ ಓಟದಲ್ಲಿ ಮಹಿಳೆಯೊಬ್ಬರು ಕೊನೆಯ ಬಾರಿ ಓಡಿಸಿದ್ದು 1976ರಲ್ಲಿ: ಇಟಲಿಯ ಲೆಲ್ಲಾ ಲೊಂಬಾರ್ಡಿ. 2023ರಲ್ಲಿ ಹುಡುಗಿಯರಿಗಾಗಿ ಎಫ್‌1 ಅಕಾಡೆಮಿ ಸರಣಿ ಶುರುವಾಯಿತು; ಕಾರು ಫಾರ್ಮುಲಾ ಫೋರ್ ಮಟ್ಟದ್ದು. ಅದೇ ವರ್ಷ ಜರ್ಮನಿಯ ಸೋಫಿಯಾ ಫ್ಲೋರ್ಶ್ ಎಫ್‌ಐಎ ಫಾರ್ಮುಲಾ ತ್ರೀನಲ್ಲಿ ಅಂಕ ಗಳಿಸಿದ ಮೊದಲ ಮಹಿಳೆಯಾದರು. ಅಡ್ಡಿ ಇರುವುದು ಬುಡದಲ್ಲೇ. ಏಳರ ವಯಸ್ಸಿನಲ್ಲಿ ಕಾರ್ಟ್ ಟ್ರ್ಯಾಕಿಗೆ ಬರುವ ಹುಡುಗಿಯರು ಬೆರಳೆಣಿಕೆಯಷ್ಟಾದರೆ ಮೇಲೆ ಬರುವವರ ಸಂಖ್ಯೆ ತಾನಾಗಿ ಬೆಳೆಯುವುದಿಲ್ಲ.

ಬೆಂಗಳೂರಿನಿಂದ ಹೊರಟವರು

ಭಾರತದಿಂದ ಫಾರ್ಮುಲಾ ಒನ್ ಮುಟ್ಟಿದವರು ಇಬ್ಬರೇ: 2005ರಲ್ಲಿ ಜೋರ್ಡನ್ ತಂಡದಿಂದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಎಚ್‌ಆರ್‌ಟಿಯಿಂದ ಚೆನ್ನೈನ ಕರುಣ್ ಚಾಂಧೋಕ್. ಇಬ್ಬರದೂ ಮೋಟಾರು ಕ್ರೀಡೆಯಲ್ಲೇ ಬೆಳೆದ ಮನೆತನ.

ಕರ್ನಾಟಕಕ್ಕೆ ರ‍್ಯಾಲಿಯ ನಂಟು ಹಳೆಯದು. ಕೆ-1000 ರ‍್ಯಾಲಿ ಇಲ್ಲಿನವರಿಗೆ ಚಿರಪರಿಚಿತ. ಆದರೆ ಅಂತರರಾಷ್ಟ್ರೀಯ ದರ್ಜೆಯ ರೇಸ್ ಸರ್ಕ್ಯೂಟ್ ರಾಜ್ಯದಲ್ಲಿಲ್ಲ. ಕಾರ್ಟ್ ಟ್ರ್ಯಾಕ್ ದಾಟಿದ ಬೆಂಗಳೂರಿನ ಹುಡುಗ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು, ಆಮೇಲೆ ಹದಿಹರೆಯದಲ್ಲೇ ಮನೆ ಬಿಟ್ಟು ಯುರೋಪಿಗೆ. ಕುಶ್ ಮತ್ತು ಅವರ ಅಣ್ಣ ಅರ್ಜುನ್ ಮೈನಿ ಹೋದ ದಾರಿಯೂ ಅದೇ. ಇವರು ರೇವಾ ವಿದ್ಯುತ್ ಕಾರನ್ನು ಕೊಟ್ಟ ಉದ್ಯಮಿ ಕುಟುಂಬದವರು. ಅರ್ಜುನ್ 2018ರಲ್ಲಿ ಫಾರ್ಮುಲಾ ಟೂ ಓಡಿಸಿದರು. ಮೇಲಿನ ಬಾಗಿಲು ತೆರೆಯದಾಗ ಜರ್ಮನಿಯ ಡಿಟಿಎಂ ಸರಣಿಗೆ ಹೊರಳಿ ವೃತ್ತಿ ಕಟ್ಟಿಕೊಂಡರು. ಕುಶ್ ಆಲ್ಪೀನ್ ತಂಡದ ಅಕಾಡೆಮಿ ಸೇರಿ ಅಲ್ಲಿಯೇ ಮೀಸಲು ಚಾಲಕರ ಸಾಲಿಗೆ ಬಂದರು.

2023ರಿಂದ ಭಾರತದಲ್ಲೇ ಎಫ್‌ಐಎ ಮಾನ್ಯತೆಯ ಫಾರ್ಮುಲಾ ಫೋರ್ ನಡೆಯುತ್ತಿದೆ. 2024ರಲ್ಲಿ ಚೆನ್ನೈನ ಬೀದಿಗಳಲ್ಲಿ ರಾತ್ರಿ ಓಟವೂ ನಡೆಯಿತು. ಏಣಿಯ ಒಂದು ಮೆಟ್ಟಿಲಾದರೂ ಮನೆಯ ಹತ್ತಿರ ಬಂದಿದೆ. ಅದರ ಕೆಳಗಿನ ಮೆಟ್ಟಿಲಾದ ಕಾರ್ಟಿಂಗ್ ಮಾತ್ರ ಇನ್ನೂ ಉಳ್ಳವರ ಆಟವಾಗಿಯೇ ಉಳಿದಿದೆ.

ಈ ವ್ಯವಸ್ಥೆ ಏಣಿ ಹತ್ತಿದವರಲ್ಲಿ ಯಾರು ಮೇಲು ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಏಣಿಯ ಬಳಿಗೇ ಬರಲಾಗದವರಲ್ಲಿ ಎಂಥವರಿದ್ದರು ಎಂದು ಹೇಳಲು ಅದಕ್ಕೆ ಬಾಯಿಲ್ಲ. ಹುಡುಕಿದರೆ ಸಿಗುತ್ತಾರೆ ಎಂಬುದಕ್ಕೆ ಮಾತ್ರ ನಮ್ಮಲ್ಲೇ ಪುರಾವೆ ಇದೆ. 2011ರಲ್ಲಿ ಆಗಿನ ಫೋರ್ಸ್ ಇಂಡಿಯಾ ತಂಡ ದೇಶದಲ್ಲಿ ಕಿರಿಯ ಚಾಲಕರಿಗಾಗಿ ಒಮ್ಮೆ ಶೋಧ ನಡೆಸಿತು. ಅದರಲ್ಲಿ ಗೆದ್ದವರು ಅರ್ಜುನ್ ಮೈನಿ. ಅವರ ಜೊತೆಗೆ ಆಯ್ಕೆಯಾದವರಲ್ಲಿ ಮುಂಬೈನ ಜೆಹಾನ್ ದಾರುವಾಲಾ ಒಬ್ಬರು. ಮುಂದೆ ಇಬ್ಬರೂ ಫಾರ್ಮುಲಾ ಟೂ ತಲುಪಿದರು, ಜೆಹಾನ್ ಅಲ್ಲಿ ಹಲವು ಓಟ ಗೆದ್ದರು. ಒಂದೇ ಶೋಧದಿಂದ ಇಬ್ಬರು. ವಾಹನ ಉದ್ಯಮಕ್ಕೂ ತಂತ್ರಜ್ಞಾನಕ್ಕೂ ಹೆಸರಾದ ಬೆಂಗಳೂರಿನ ಕಂಪನಿಗಳು ಹತ್ತು ಮಕ್ಕಳ ಕಾರ್ಟಿಂಗ್ ಶುಲ್ಕವನ್ನು ಪ್ರತಿ ವರ್ಷ ಕಟ್ಟಲಿ. ಫಾರ್ಮುಲಾ ಟೂನ ಒಂದೇ ಸೀಟಿನ ಬೆಲೆಯಲ್ಲಿ ಅಂಥ ಹಲವು ವರ್ಷಗಳ ಖರ್ಚು ಸಲೀಸಾಗಿ ಕಳೆಯುತ್ತದೆ.